ನಿಮಗಿದು ಗೊತ್ತೆ? ಹಾಯಿದೋಣಿಗೆ ನಮ್ಮ ಹೊಳೆಯ ಹೆಸರು!

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಿಗೆ ದೋಣಿ ಎಂದರೆ ತುಂಗಭದ್ರೆಯ ಹರಿಗೋಲೇ. ಆದರೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಹೊತ್ತ ಹಾಯಿದೋಣಿಯೊಂದು ಭೂಮಿಯನ್ನೇ ಸುತ್ತಿದೆ. ಗೋವಾದಲ್ಲಿ ಕಟ್ಟಿದ 56 ಅಡಿಯ ಈ ‘ಮಹದೇಯಿ’ ನೌಕಾಪಡೆ ಸೇರಿದ್ದು 2009ರಲ್ಲಿ. 2012–13ರಲ್ಲಿ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಇದರಲ್ಲಿ ಒಬ್ಬರೇ, ಎಲ್ಲೂ ತಂಗದೆ, ಸುಮಾರು 150 ದಿನಗಳಲ್ಲಿ ಸುತ್ತು ಮುಗಿಸಿದರು.

ಈ ಸಾಹಸವನ್ನು ಜಗತ್ತಿನಲ್ಲೇ ಮೊದಲು ಮಾಡಿದ್ದು ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್, 1968–69ರಲ್ಲಿ. ಅವರ ‘ಸುಹೈಲಿ’ ಬರೀ 32 ಅಡಿ. ಮುಂಬೈಯಲ್ಲಿ ಕಟ್ಟಿದ ತೇಗದ ದೋಣಿ. ಹಿಡಿದದ್ದು 312 ದಿನ! ಒಂದು ಕಾರಣ ದೋಣಿಯ ಉದ್ದ: ನೀರಿಗೆ ತಾಗುವ ಒಡಲು ಉದ್ದವಾದಷ್ಟೂ ದೋಣಿಯ ವೇಗದ ಮಿತಿ ಏರುತ್ತದೆ. ಇಷ್ಟು ತಿಳಿದೂ ಟೋಮಿ 2018ರಲ್ಲಿ ಮತ್ತೆ ಭೂಮಿ ಸುತ್ತಲು ಸುಹೈಲಿಯದೇ ಮಾದರಿಯ ‘ತುರಿಯಾ’ ಏರಿದರು. ಹಿಂದೂ ಮಹಾಸಾಗರದ ಬಿರುಗಾಳಿಗೆ ಅದರ ಕೂವೆಮರ ಮುರಿಯಿತು.