ಎರಡನೆಯ ಕೂಸಿಗೆ ಮೊದಲಿನ ಹಾಸಿಗೆ

ಚೊಚ್ಚಲ ಕೂಸಿನ ಹಾಸಿಗೆಯನ್ನೇ ಎರಡನೆಯದಕ್ಕೂ ಹಾಸಬಹುದೇ ಎಂದು ಬ್ರೂಸ್‌ಪೇಟೆಯ ತಾಯಂದಿರು ನಮ್ಮನ್ನು ಕೇಳುವುದುಂಟು. ತೊಟ್ಟಿಲು ಗಟ್ಟಿಯಿದ್ದರೆ ಧಾರಾಳವಾಗಿ ಬಳಸಿರಿ. ಹಾಸಿಗೆಯನ್ನು ಮಾತ್ರ ಪರೀಕ್ಷಿಸದೆ ಹಾಸಬೇಡಿರಿ.

ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವು ಇದನ್ನು ನೇರವಾಗಿಯೇ ವಿಚಾರಿಸಿದೆ. ಬೆವರು, ಕೊಳೆ, ಕ್ರಿಮಿ, ಮಲಮೂತ್ರಗಳು ಸೋಂಕಿದ ಹಾಸಿಗೆ ಶಿಶುವಿಗೆ ವರ್ಜ್ಯ. ಬೇರೆ ದೊರೆಯದಿದ್ದಲ್ಲಿ ಅದನ್ನೇ ಚೆನ್ನಾಗಿ ತೊಳೆದು, ಧೂಪವಿಟ್ಟು, ಪೂರ್ಣ ಒಣಗಿಸಿ ಬಳಸಬಹುದು. ಬಡವರ ಕಷ್ಟವನ್ನು ಆಚಾರ್ಯರು ಬಲ್ಲವರಾಗಿದ್ದರು. ಅರಳೆಯ ಹಾಸಿಗೆಗೆ ಈ ವಿಧಿ ಸಲ್ಲುತ್ತದೆ: ಅರಳೆಯನ್ನು ಹಿಂಜಿಸಿ, ಬಳ್ಳಾರಿಯ ಬಿಸಿಲಿಗೆ ಹಾಕಿ, ಹೊಸ ಗವಸಿನಲ್ಲಿ ಸಮತಟ್ಟಾಗಿ, ಬಿಗಿಯಾಗಿ ತುಂಬಿಸಬಹುದು. (ಧೂಪವನ್ನು ಕೂಸಿಲ್ಲದ ಕಡೆ ಹಾಕಿರಿ.) ಆದರೆ ಸ್ಪಂಜಿನೊಳಗೆ ಇಳಿದ ಮೂತ್ರವು ಮೇಲೆ ಒರೆಸಿದರೆ ಹೋಗದು.

ಸ್ಕಾಟ್ಲೆಂಡಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಳಸಿದ ಹಾಸಿಗೆಗೂ, ಅದರಲ್ಲಿಯೂ ಪರರ ಮನೆಯಿಂದ ತಂದುದಕ್ಕೂ, ಕೂಸು ನಿದ್ರೆಯಲ್ಲಿ ಹಠಾತ್ತನೆ ಅಸುನೀಗುವುದಕ್ಕೂ ನಂಟನ್ನು ಕಂಡಿತು. ಅದೇ ಕಾರಣವೆಂದು ಸಿದ್ಧವಾಗಿಲ್ಲ, ಆದರೂ ಕಡೆಗಣಿಸಲಾಗದು. ಪರರ ಹಾಸಿಗೆ ಬೇಡವೆಂದೇ ನಾವು ಹೇಳುತ್ತೇವೆ.

ಅಂಗೈಯಿಂದ ಒತ್ತಿ ನೋಡಿರಿ. ತಗ್ಗು ಉಳಿದರೆ, ನಡುವೆ ಕುಸಿದಿದ್ದರೆ, ವಾಸನೆಯಿದ್ದರೆ ಬಿಟ್ಟುಬಿಡಿರಿ. ತೊಟ್ಟಿಲಿನ ಅಂಚಿಗೂ ಹಾಸಿಗೆಗೂ ನಡುವೆ ಸಂದಿರಬಾರದು. ಹೊಸದಿರಲಿ, ಹಳೆಯದಿರಲಿ, ಕೂಸನ್ನು ಅಂಗಾತ ಮಲಗಿಸಿರಿ. ದಿಂಬು, ಕೌದಿ ಪಕ್ಕದಲ್ಲಿ ಬೇಡ.