ಹಗ್ಗದ ತುದಿಗೆ ಕೂತವರಿಗೆ ಕಾಣುವುದು

ಮೊಹರಂ ಬಂತೆಂದರೆ ಮುದಗಲ್ಲಿನ ಮಾಳಿಗೆಗಳ ಮೇಲೆಲ್ಲ ಜನ. ಅಲಾಯಿ ಕುಣಿತ ನೋಡಬೇಕು, ಹುಸೇನಿ ಆಲಂ ದೇವರನ್ನು ಕಣ್ತುಂಬಿಕೊಳ್ಳಬೇಕು ಎಂದರೆ ಎತ್ತರದ ಜಾಗವೇ ಬೇಕು. ಮೆರವಣಿಗೆಗೆ ಅದು ಸರಿಯೇ. ಆದರೆ ಕೋಟೆಯ ಹೊರಗಿನ ಬಯಲಲ್ಲಿ ಡೊಂಬರಾಟದವರು ಗಳ ನೆಟ್ಟು ಹಗ್ಗ ಬಿಗಿದಾಗಲೂ ನಾವು ಅದೇ ರೂಢಿಯಲ್ಲಿ ಮಾಳಿಗೆ ಹತ್ತುತ್ತೇವೆ. ಇಲ್ಲವೇ ಹಗ್ಗದ ಮಗ್ಗುಲಿಗೆ ಉದ್ದಕ್ಕೆ ಸಾಲುಗಟ್ಟುತ್ತೇವೆ. ಎರಡೂ ಕಡೆ ಆಟದ ಜೀವಾಳವೇ ಕಣ್ಣಿಗೆ ಬೀಳುವುದಿಲ್ಲ.

ಹಗ್ಗದ ಮೇಲೆ ನಡೆಯುವವರು ಬೀಳುವುದು ಮುಂದಕ್ಕೋ ಹಿಂದಕ್ಕೋ ಅಲ್ಲ, ಎಡಕ್ಕೆ ಅಥವಾ ಬಲಕ್ಕೆ. ಹೋರಾಟವೆಲ್ಲ ಆ ದಿಕ್ಕಿನಲ್ಲೇ. ಮಗ್ಗುಲಿಗೆ ಕೂತವರ ಪಾಲಿಗೆ ಆ ವಾಲಾಟ ತಮ್ಮತ್ತ ಬರುವ, ತಮ್ಮಿಂದ ಸರಿಯುವ ಚಲನೆ. ಇಂಥದ್ದನ್ನು ಗುರುತಿಸುವುದರಲ್ಲಿ ನಮ್ಮ ಕಣ್ಣು ಹಿಂದೆ. 6 ಮೀಟರ್ ದೂರದಲ್ಲಿರುವ ಆಟಗಾರ್ತಿ ನಮ್ಮ ಕಡೆಗೆ 10 ಸೆಂಟಿಮೀಟರ್ ವಾಲಿದರೆ, ಆಕೆಯ ಗಾತ್ರ ಹಿಗ್ಗಿದಂತೆ ಕಾಣುವುದು ನೂರರಲ್ಲಿ ಎರಡು ಪಾಲೂ ಇಲ್ಲ. ಅಷ್ಟೇ ದೂರದಿಂದ, ಹಗ್ಗದ ತುದಿಗೆ ಕೂತು ನೋಡಿ: ಅದೇ 10 ಸೆಂಟಿಮೀಟರ್ ಸುಮಾರು 1 ಡಿಗ್ರಿಯ ಅಡ್ಡ ಚಲನೆಯಾಗುತ್ತದೆ. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ. ಅಂದರೆ ಎರಡು ಚಂದ್ರರಷ್ಟು ವಾಲಾಟ ಕಣ್ಣೆದುರಿಗೇ ನಡೆಯುತ್ತದೆ.

ಕೈಯಲ್ಲಿರುವ ಉದ್ದನೆಯ ಕೋಲಿನ ಕೆಲಸ ಅರ್ಥವಾಗುವುದೂ ಇಲ್ಲಿಂದಲೇ. ಮೈ ಎಡಕ್ಕೆ ವಾಲಿತು ಎನ್ನಿ. ಕೋಲಿನ ಯಾವ ತುದಿ ಕೆಳಗಿಳಿಯಬೇಕು? ಬಲತುದಿ ಎಂದು ನಾನು ಬಹುಕಾಲ ನಂಬಿದ್ದೆ. ಇಳಿಯುವುದು ಎಡತುದಿ! ಕೋಲನ್ನು ಎಡಕ್ಕೆ ತಿರುಗಿಸಿದಾಗ ಕೋಲು ಮೈಯನ್ನು ಬಲಕ್ಕೆ ತಿರುಗಿಸುತ್ತದೆ. ನ್ಯೂಟನ್ ಹೇಳಿದ ಪ್ರತಿಕ್ರಿಯೆ ಇದೇ. ಜೊತೆಗೆ, ಭಾರ ದೂರದ ತುದಿಗಳವರೆಗೆ ಹರಡಿದ ಕೋಲು ಚಟ್ಟನೆ ತಿರುಗುವುದಿಲ್ಲ. ಹೀಗಾಗಿ ಬೀಳುವುದೂ ನಿಧಾನವಾಗಿ, ಸಾವರಿಸಿಕೊಳ್ಳಲು ಒಂದು ಕ್ಷಣ ಹೆಚ್ಚು ಸಿಗುತ್ತದೆ.

ಎಲ್ಲ ಆಟಕ್ಕೂ ತುದಿಯೇ ಒಳ್ಳೆಯದೇನಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಒಂದು ಆಟದ ಬಗ್ಗೆ ಬರೆದಿದ್ದಾನೆ: ತೊಲೆಯ ಒಂದು ತುದಿಗೆ ಆನೆಯಷ್ಟೇ ತೂಕದ ಕಲ್ಲು, ಇನ್ನೊಂದು ತುದಿಯಲ್ಲಿ ಆನೆ, ತೊಲೆ ಏತದ ಹಾಗೆ ಏರಿಳಿಯುತ್ತಿದ್ದರೆ ಆನೆ ವಾದ್ಯಕ್ಕೆ ತಕ್ಕಂತೆ ತಾಳ ಹಾಕುತ್ತಿತ್ತಂತೆ. ಅದಕ್ಕೆ ಮಗ್ಗುಲೇ ಬೇಕು. ಲಾಗ ಹಾಕುವವರನ್ನೂ ಮಗ್ಗುಲಿಂದಲೇ ನೋಡಬೇಕು. ಗಾಳಿಯಲ್ಲಿ ಮೈ ಬರೆಯುವ ಕಮಾನು ಪೂರ್ತಿ ಕಾಣುವುದು ಆಗಲೇ.

ಮಾಳಿಗೆಯಿಂದ ನೋಡಿದರೆ ಹಗ್ಗ ನೆಲದ ಮಣ್ಣಿನ ಬಣ್ಣದಲ್ಲಿ ಕರಗುತ್ತದೆ. ನೆಲದಲ್ಲಿ ಕೂತರೆ ಅದೇ ಹಗ್ಗ, ಅದೇ ಪಾದ ಆಕಾಶದ ಬೆಳಕಿನ ಮೇಲೆ ಗೆರೆ ಎಳೆದಂತೆ ಕಾಣುತ್ತವೆ. 34 ಮೀಟರ್ ಆಚೆಯ ಮಾಳಿಗೆಗೆ ಡೋಲಿನ ಸದ್ದು ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಡೋಲಿನ ಮೇಲೆ ಕೋಲು ಬಿದ್ದದ್ದು ಕಂಡ ಮೇಲೆ ಪೆಟ್ಟು ಕೇಳಿಸುತ್ತದೆ.

ತೀರಾ ಹತ್ತಿರವೂ ಬೇಡ. ಮೂರು ಮೀಟರ್ ಎತ್ತರದ ಹಗ್ಗದ ಮೇಲಿನ ಮುಖವನ್ನು ಒಂದೇ ಮೀಟರ್ ದೂರದಲ್ಲಿ ಕೂತು ನೋಡಲು ಕತ್ತನ್ನು 75 ಡಿಗ್ರಿ ಎತ್ತಬೇಕು. ಆರು ಮೀಟರ್ ದೂರಕ್ಕೆ ಸರಿದರೆ 32 ಡಿಗ್ರಿ ಸಾಕು. ಕತ್ತರಿ ಹಾಕಿ ನಿಲ್ಲಿಸಿದ ಗಳ ಅಡ್ಡ ಬರುತ್ತದೆ, ಒಂದು ಮಾರು ಪಕ್ಕಕ್ಕೆ ಸರಿದು ಕೂಡಿ. ಸಂಜೆಯ ಆಟವಾದರೆ ಸೂರ್ಯ ಬೆನ್ನಿಗಿರಲಿ. ಮುಂದಿನವರು ಚಕ್ಕಳಮಕ್ಕಳ, ನಡುವಿನವರು ಕುಕ್ಕರುಗಾಲು, ಹಿಂದಿನವರು ನಿಂತು: ನಮ್ಮ ಜನ ಯಾರೂ ಹೇಳದೆಯೇ ಕಟ್ಟುವ ಈ ಗ್ಯಾಲರಿಯನ್ನು ಯಾವ ರಂಗಮಂದಿರದ ಎಂಜಿನಿಯರನೂ ಒಪ್ಪುತ್ತಾನೆ.

ತುದಿಗೆ ಕೂತರೆ ಇನ್ನೊಂದೂ ಕಾಣುತ್ತದೆ. ಹಗ್ಗದ ಮೇಲಿರುವುದು ಎಷ್ಟೋ ಸಲ ಪುಟ್ಟ ಹುಡುಗಿ. ಸರ್ಕಸ್‌ಗಳಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬೀದಿಯ ಹಗ್ಗದ ಮೇಲಿನ ಮಗುವೂ ಶಾಲೆಯಲ್ಲಿರಬೇಕಾದದ್ದೇ. ದೊಡ್ಡವರು ಆಡುವ ಆಟಕ್ಕೆ ನಾವು ಹೆಚ್ಚು ದುಡ್ಡು ಹಾಕಬೇಕು. ಯಾರೇ ಆಡಲಿ, ಹಗ್ಗದ ನೇರ ಕೆಳಗೆ ಮಾತ್ರ ಕೂಡಬೇಡಿ. ಮನೆಯವರೊಬ್ಬರು ಮೇಲೆ ನೋಡುತ್ತಾ, ಕೈ ಖಾಲಿ ಇಟ್ಟುಕೊಂಡು, ಆಡುವವರ ಹೆಜ್ಜೆಗೆ ಹೆಜ್ಜೆ ಹಾಕುವ ಜಾಗ ಅದು.