ಉತ್ತರ ಆಸ್ಟ್ರೇಲಿಯಾದ ಕಾವಲು ಪಡೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಮೀಸಲು ಸೈನಿಕ ಎಂದರೆ ನಮಗೆ ತಟ್ಟನೆ ನೆನಪಾಗುವುದು ಧೋನಿ. 2011ರಲ್ಲಿ ಅವರಿಗೆ ಟೆರಿಟೋರಿಯಲ್ ಆರ್ಮಿಯ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಸಿಕ್ಕಿತು, ಸಮವಸ್ತ್ರದ ಫೋಟೊ ಮನೆಮನೆಗೂ ತಲುಪಿತು. ಆ ಪಡೆಯ ಉಳಿದವರು ಯಾರು, ಏನು ಮಾಡುತ್ತಾರೆ ಎಂದು ನಾವು ವಿಚಾರಿಸಲೇ ಇಲ್ಲ. ಬೇರೆ ದೇಶಗಳ ಇಂಥ ಪಡೆಗಳ ಬಗ್ಗೆಯಂತೂ ನಮಗೆ ದಕ್ಕಿರುವುದು ಸಿನಿಮಾ ಮತ್ತು ಅಂತೆಕಂತೆ ಮಾತ್ರ. ಆಸ್ಟ್ರೇಲಿಯಾದ ‘ನಾರ್ಫೋರ್ಸ್’ ಅಂಥ ಒಂದು ಪಡೆ. ಪೂರ್ತಿ ಹೆಸರು ನಾರ್ತ್‌ವೆಸ್ಟ್ ಮೊಬೈಲ್ ಫೋರ್ಸ್, ಕೇಂದ್ರ ಡಾರ್ವಿನ್ ನಗರ. ಅದರ ಸುತ್ತ ಬೆಳೆದಿರುವ ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಮೀಸಲು ಸೈನಿಕರೆಂದರೆ ವಾರಾಂತ್ಯದ ಹವ್ಯಾಸಿಗಳು. ನಿಜವಾದ ಕೆಲಸ ಕಾಯಂ ಸೈನ್ಯದ್ದು.

ವಾಸ್ತವ: ನಾರ್ಫೋರ್ಸ್‌ನಲ್ಲಿ ಕಾಯಂ ಸೈನಿಕರು ಕಡಿಮೆ, ಮೀಸಲು ಸೈನಿಕರೇ ಹೆಚ್ಚು. ಅವರು ಸ್ವಇಚ್ಛೆಯಿಂದ ಸೇರಿದವರು, ದುಡಿದ ದಿನಗಳ ಲೆಕ್ಕದಲ್ಲಿ ಸಂಬಳ ಪಡೆಯುವವರು. ಅವರು ಕಾಯುವುದು ಇಡೀ ನಾರ್ದರ್ನ್ ಟೆರಿಟರಿ ಮತ್ತು ಪಕ್ಕದ ಕಿಂಬರ್ಲಿ ಪ್ರದೇಶವನ್ನು. ಒಟ್ಟು ಸುಮಾರು 18 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದಂಥ ಒಂಬತ್ತು ರಾಜ್ಯಗಳಿಗಿಂತ ಹೆಚ್ಚು. ಮಳೆಗಾಲದಲ್ಲಿ ರಸ್ತೆಗಳು ನೀರಿನಡಿ ಸೇರುತ್ತವೆ, ಕರಾವಳಿಯ ಕಾಂಡ್ಲಾ ಕಾಡಿನಲ್ಲಿ ಮೊಸಳೆಗಳಿವೆ. ಹವ್ಯಾಸಕ್ಕೆ ಯಾರೂ ಹೋಗುವ ಜಾಗ ಅದಲ್ಲ.

ತಪ್ಪು ಕಲ್ಪನೆ: ನಾರ್ಫೋರ್ಸ್‌ನಂಥ ಬೇಹು ಪಡೆ ಎಂದರೆ ಕಮಾಂಡೊಗಳು. ಶತ್ರುವಿನ ನೆಲಕ್ಕೆ ನುಗ್ಗಿ ಗುಂಡು ಹಾರಿಸಿ ಬರುವವರು.

ವಾಸ್ತವ: ಗುಂಡು ಹಾರಿತೆಂದರೆ ಬೇಹು ಕೆಟ್ಟಿತೆಂದೇ ಅರ್ಥ. ನೋಡಬೇಕು, ಕಾಣಿಸಿಕೊಳ್ಳಬಾರದು, ಕಂಡದ್ದನ್ನು ವೈರ್‌ಲೆಸ್‌ನಲ್ಲಿ ತಿಳಿಸಬೇಕು, ಕೆಲಸ ಇಷ್ಟೇ. ಅಕ್ರಮ ಮೀನುಗಾರಿಕೆಯ ದೋಣಿ ಕಂಡರೂ ಗಸ್ತಿನವರು ಸುದ್ದಿ ಕಳಿಸುತ್ತಾರೆ. ಮುಂದಿನದು ಸಂಬಂಧಪಟ್ಟ ಇಲಾಖೆಯ ಪಾಲು.

ತಪ್ಪು ಕಲ್ಪನೆ: ಉಪಗ್ರಹ, ರೇಡಾರ್ ಬಂದ ಮೇಲೆ ಕಾಲ್ನಡಿಗೆಯ ಗಸ್ತು ದಂಡ.

ವಾಸ್ತವ: ಆಸ್ಟ್ರೇಲಿಯಾದ ಬಳಿ ದಿಗಂತದಾಚೆಗೂ ನೋಡಬಲ್ಲ ‘ಜೋರ್ನ್’ ಎಂಬ ರೇಡಾರ್ ಜಾಲವಿದೆ. ಸಾವಿರಾರು ಕಿಲೋಮೀಟರ್ ದೂರದ ವಿಮಾನ, ಹಡಗುಗಳನ್ನು ಅದು ಗುರುತಿಸುತ್ತದೆ. ಆದರೆ ಕಾಂಡ್ಲಾ ಮರಗಳ ಕೆಳಗೆ ಎಳೆದು ಬಚ್ಚಿಟ್ಟ ಸಣ್ಣ ದೋಣಿ ಅದಕ್ಕೆ ಕಾಣುವುದಿಲ್ಲ. ದಡದಲ್ಲಿ ಆರಿದ ಒಲೆಯ ಬೂದಿ ನಿನ್ನೆಯದೋ ಹೋದ ವಾರದ್ದೋ ಎಂದು ಅದು ಹೇಳಲಾರದು. ಅದಕ್ಕೆ ಮನುಷ್ಯರೇ ಹೋಗಬೇಕು, ಆ ನೆಲ ಗೊತ್ತಿದ್ದವರೇ ಹೋಗಬೇಕು.

ತಪ್ಪು ಕಲ್ಪನೆ: ಈ ಪಡೆಯ ಮೂಲನಿವಾಸಿ ಸೈನಿಕರಿಗೆ ಹುಟ್ಟಿನಿಂದಲೇ ಒಂದು ಅತೀಂದ್ರಿಯ ಶಕ್ತಿ ಇರುತ್ತದೆ. ಅದರಿಂದಲೇ ಅವರು ಹೆಜ್ಜೆ ಗುರುತು ಹಿಡಿಯುತ್ತಾರೆ.

ವಾಸ್ತವ: ಹೊಗಳಿಕೆಯಂತೆ ಕೇಳಿಸುವ ಮಾತು ಇದು, ನಾವೂ ಹಾಗೆಯೇ ತಲೆದೂಗಿದ್ದೇವೆ. ಆದರೆ ಅವರ ವಿದ್ಯೆಯನ್ನು ಕಸಿದುಕೊಳ್ಳುವ ಮಾತೂ ಇದೇ. ಹೆಜ್ಜೆ ಓದುವುದು ಕಲಿಕೆ. ಮರಳಿನಲ್ಲಿ ಮೂಡಿದ ಪಾದದ ಅಂಚು ಚೂಪಾಗಿದೆಯೇ ಉದುರಿದೆಯೇ, ಅದರ ಮೇಲೆ ಇಬ್ಬನಿ ಬಿದ್ದಿದೆಯೇ, ರಾತ್ರಿ ಹರಿದಾಡಿದ ಹುಳುವಿನ ಗೆರೆ ಗುರುತಿನ ಮೇಲೆ ಹಾದಿದೆಯೇ ಅಡಿಯಲ್ಲಿದೆಯೇ, ಹಿಮ್ಮಡಿ ಆಳವೋ ಬೆರಳು ಆಳವೋ ಎಂದು ನೋಡುತ್ತಾರೆ. ಗೆರೆ ಮೇಲೆ ಹಾದಿದ್ದರೆ ನಡೆದವನು ರಾತ್ರಿಗೆ ಮೊದಲೇ ಹೋದವನು, ಅಡಿಯಲ್ಲಿದ್ದರೆ ಬೆಳಗಿನ ಮೇಲೆ ಬಂದವನು. ಇದನ್ನು ಮಕ್ಕಳು ಹಿರಿಯರ ಜೊತೆ ಅಲೆದಾಡಿ ವರ್ಷಗಟ್ಟಲೆ ಕಲಿಯುತ್ತಾರೆ. ನಗರದಲ್ಲಿ ಬೆಳೆದ ಮೂಲನಿವಾಸಿ ಯುವಕನಿಗೆ ಇದು ನಮಗೆಷ್ಟು ಗೊತ್ತೋ ಅಷ್ಟೇ ಗೊತ್ತಿರುತ್ತದೆ. ನಾರ್ಫೋರ್ಸ್ ದೂರದ ಹಳ್ಳಿಗಳಿಂದ ಜನರನ್ನು ಸೇರಿಸಿಕೊಳ್ಳುವುದು ರಕ್ತ ನೋಡಿ ಅಲ್ಲ, ತಿಳಿವಳಿಕೆ ನೋಡಿ. ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆಯಾಗಿರುವವರಿಗೂ ಅಲ್ಲಿ ಜಾಗವಿದೆ.

ತಪ್ಪು ಕಲ್ಪನೆ: ಎರಡನೆಯ ಮಹಾಯುದ್ಧದಿಂದ ಇಂದಿನವರೆಗೆ ಇದು ಒಂದೇ ಅಖಂಡ ಪಡೆ.

ವಾಸ್ತವ: ನಾರ್ಫೋರ್ಸ್ ಹುಟ್ಟಿದ್ದು 1981ರಲ್ಲಿ. ಅದಕ್ಕೆ ಪೂರ್ವಜರಿದ್ದಾರೆ ಎನ್ನುವುದು ನಿಜ, ಆದರೆ ನಡುವೆ ದಶಕಗಳ ಅಂತರವಿದೆ. 1942ರ ಫೆಬ್ರವರಿ 19ರಂದು ಜಪಾನಿ ವಿಮಾನಗಳು ಡಾರ್ವಿನ್ ಮೇಲೆ ಬಾಂಬ್ ಸುರಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಮಾನವಶಾಸ್ತ್ರಜ್ಞ ಡಬ್ಲ್ಯು.ಇ.ಎಚ್. ಸ್ಟಾನರ್ ಅವರ ನೇತೃತ್ವದಲ್ಲಿ ನಾರ್ತ್ ಆಸ್ಟ್ರೇಲಿಯಾ ಅಬ್ಸರ್ವರ್ ಯೂನಿಟ್ ಕಟ್ಟಲಾಯಿತು. ಕುದುರೆ ಏರಿ, ಮೂಲನಿವಾಸಿ ಮಾರ್ಗದರ್ಶಕರ ನೆರವಿನಿಂದ ಉತ್ತರದ ಕರಾವಳಿ ಕಾಯ್ದ ಪಡೆ ಅದು. ಶತ್ರು ಇಳಿದರೆ ಹಿಂದೆಯೇ ಉಳಿದು ಸುದ್ದಿ ಕಳಿಸಬೇಕೆಂಬ ಆದೇಶ ಇತ್ತು. 1945ರಲ್ಲಿ ಅದನ್ನು ವಿಸರ್ಜಿಸಲಾಯಿತು. ಇದೇ ಸ್ಟಾನರ್ 1968ರ ರೇಡಿಯೊ ಉಪನ್ಯಾಸಗಳಲ್ಲಿ, ಆಸ್ಟ್ರೇಲಿಯಾದ ಚರಿತ್ರೆ ಮೂಲನಿವಾಸಿಗಳ ಬಗ್ಗೆ ಬಾಯಿ ಮುಚ್ಚಿಕೊಂಡಿದೆ ಎಂದು ದೇಶಕ್ಕೆ ನೇರವಾಗಿ ಹೇಳಿದರು.

ತಪ್ಪು ಕಲ್ಪನೆ: ಜಪಾನಿಯರು ಉತ್ತರದ ಕರಾವಳಿಗೆ ಇಳಿದಿದ್ದರೆ ಮೂಲನಿವಾಸಿಗಳು ಅವರ ಕಡೆಗೇ ವಾಲುತ್ತಿದ್ದರು.

ವಾಸ್ತವ: ಡಾರ್ವಿನ್‌ನಲ್ಲಿ ಆಗ ಈ ಗಾಳಿಸುದ್ದಿ ಬಲವಾಗಿತ್ತು, ಅಧಿಕಾರಿಗಳೂ ನಂಬಿದ್ದರು. ಜಪಾನಿ ದೋಣಿಗಳು ಆ ಕರಾವಳಿಗೆ ಬಂದುಹೋಗುತ್ತಿದ್ದುದೇ ಶಂಕೆಗೆ ಆಧಾರ. ಆದರೆ ಆ ಒಡನಾಟ ಹೇಗಿತ್ತು? 1932ರಲ್ಲಿ ನಾರ್ದರ್ನ್ ಟೆರಿಟರಿಯ ಆರ್ನ್‌ಹೆಮ್ ಲ್ಯಾಂಡ್‌ನ ಕ್ಯಾಲೆಡನ್ ಕೊಲ್ಲಿಯಲ್ಲಿ ಯೋಲ್ಂಗು ಎಂಬ ಮೂಲನಿವಾಸಿ ಜನ ಐವರು ಜಪಾನಿ ಮೀನುಗಾರರನ್ನು ಕೊಂದರು. ತಮ್ಮ ಹೆಂಗಸರ ಮೇಲಿನ ದೌರ್ಜನ್ಯವೇ ಕಾರಣವೆಂಬುದು ಅವರ ಮಾತು. ವೊಂಗ್ಗು ಎಂಬ ಹಿರಿಯನ ಮೂವರು ಗಂಡುಮಕ್ಕಳು ಜೈಲು ಸೇರಿದರು. ಮಾನವಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್ 1935ರಲ್ಲಿ ಅಲ್ಲಿಗೆ ಹೋಗಿ, ಯೋಲ್ಂಗು ಜನರ ನಡುವೆ ಬದುಕಿ, ಆ ಮೂವರ ಬಿಡುಗಡೆಗೆ ಶ್ರಮಿಸಿದರು.

1941ರಲ್ಲಿ ಸೈನ್ಯ ಅದೇ ಥಾಮ್ಸನ್‌ರನ್ನು ಅದೇ ಕರಾವಳಿಗೆ ಕಳಿಸಿತು. ನಾರ್ದರ್ನ್ ಟೆರಿಟರಿ ಸ್ಪೆಷಲ್ ರಿಕಾನಸೆನ್ಸ್ ಯೂನಿಟ್ ಹುಟ್ಟಿದ್ದು ಹೀಗೆ. ಸುಮಾರು 50 ಯೋಲ್ಂಗು ಗಂಡಸರು, ಅವರದೇ ಈಟಿಗಳು, ‘ಅರೋಯೆಟ್ಟಾ’ ಎಂಬ ಒಂದು ಹಡಗು. ಅವರಲ್ಲಿ ರೈವಾಲಾ ಎಂಬಾತ ಥಾಮ್ಸನ್‌ರ ಬಲಗೈ. ವೊಂಗ್ಗುವಿನ ಮಕ್ಕಳೂ ಸೇರಿದರು. ಜಪಾನಿಯರನ್ನು ಕೊಂದದ್ದಕ್ಕೆ ಜೈಲು ಕಂಡ ಮನೆತನಕ್ಕೆ, ಈಗ ಅದೇ ಸರ್ಕಾರದ ಪರವಾಗಿ ಜಪಾನಿಯರೊಡನೆ ಹೋರಾಡಲು ಸಿದ್ಧರಾಗಿ ಎಂದು ವಿವರಿಸಿ ಹೇಳಬೇಕಾಯಿತು. ಇಷ್ಟಾದ ಮೇಲೂ ಅವರು ಬಂದರು. ನಿಷ್ಠೆಯನ್ನು ಶಂಕಿಸಿದವರ ಬಳಿ ಇದಕ್ಕೆ ಉತ್ತರವಿಲ್ಲ.

ತಪ್ಪು ಕಲ್ಪನೆ: ಕಾಡಿನ ಜನಕ್ಕೆ ದುಡ್ಡು ಯಾಕೆ? ತಂಬಾಕು ಕೊಟ್ಟರು, ಅವರೂ ತೃಪ್ತರಾಗಿದ್ದರು.

ವಾಸ್ತವ: ಇವತ್ತಿಗೂ ಈ ಮಾತನ್ನು ಸಹಜವೆಂಬಂತೆ ಆಡುವವರಿದ್ದಾರೆ. ಥಾಮ್ಸನ್‌ರ ದಳದವರಿಗೆ ಸಿಕ್ಕಿದ್ದು ತಂಬಾಕಿನ ಕಡ್ಡಿ, ಮೀನಿನ ಗಾಳ, ತಂತಿ. ಸಂಬಳವಿಲ್ಲ, ಪದಕವಿಲ್ಲ, ಸೈನ್ಯದ ಪಟ್ಟಿಯಲ್ಲಿ ವಿಧಿವತ್ತಾಗಿ ಹೆಸರೂ ಇಲ್ಲ. ದುಡ್ಡಿನ ಬೆಲೆ ಅವರಿಗೆ ಗೊತ್ತಿರಲಿಲ್ಲ ಎನ್ನುವವರು ಅದೇ ಕಾಲದ ಟಾರಸ್ ಜಲಸಂಧಿಯ ದ್ವೀಪವಾಸಿಗಳನ್ನು ನೋಡಬೇಕು. ಅವರಲ್ಲಿ 800ಕ್ಕೂ ಹೆಚ್ಚು ಜನ ಲೈಟ್ ಇನ್‌ಫೆಂಟ್ರಿ ಬೆಟಾಲಿಯನ್ ಸೇರಿದ್ದರು. ಬಿಳಿಯ ಸೈನಿಕನ ಸಂಬಳದ ಮೂರನೆಯ ಒಂದು ಭಾಗ ಮಾತ್ರ ಕೈಗೆ ಬರುತ್ತಿದೆ ಎಂದು ಗೊತ್ತಾದಾಗ ಅವರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಸಂಬಳ ಏರಿತು, ಆದರೂ ಸಮನಾಗಲಿಲ್ಲ. ಬಾಕಿ ಹಣ ಸಂದದ್ದು 1980ರ ದಶಕದಲ್ಲಿ.

ಥಾಮ್ಸನ್ 1970ರಲ್ಲಿ ತೀರಿಕೊಂಡರು. ಅವರ ಯೋಲ್ಂಗು ಸಂಗಾತಿಗಳಿಗೆ ಮತ್ತು ತೀರಿಹೋದವರ ಕುಟುಂಬಗಳಿಗೆ ಸರ್ಕಾರ ಬಾಕಿ ಸಂಬಳ, ಪದಕ ಕೊಟ್ಟಿದ್ದು 1992ರಲ್ಲಿ, ದಳ ವಿಸರ್ಜನೆಯಾಗಿ 49 ವರ್ಷಗಳ ನಂತರ.